ಮುಚ್ಚದ ಕಿಂಡಿ, ಅರ್ಧ ತುಂಬಿದ ಕ್ಯಾನು

ಮಕ್ಕಳೇ, ನನ್ನ ಹೊಟ್ಟೆಯ ಎಡಬದಿಯಲ್ಲಿ ಇರುವ ಮೂರು ಸಣ್ಣ ಗುರುತುಗಳು ಯಾವುವೆಂದು ನೀವಿಬ್ಬರೂ ಕೇಳಿದ್ದಿರಿ. ನಾನು ಸೆರಗು ಎಳೆದುಕೊಂಡು, ಹೋಗಿ ಓದಿಕೊಳ್ಳಿ ಎಂದೆ. ಬಾಯಿಬಿಟ್ಟು ಹೇಳುವುದು ನನ್ನಿಂದ ಆಗುವುದಿಲ್ಲ. ಎದುರಿಗೆ ಕುಳಿತವರ ಮುಖ ಕಂಡ ಕೂಡಲೇ ಮುಂದಿನ ಮಾತು ಮರೆತುಹೋಗುತ್ತದೆ. ನಿಮ್ಮ ಹೋದ ವರ್ಷದ ನೋಟುಬುಕ್ಕಿನ ಹಿಂದಿನ ಹಾಳೆಗಳು ಖಾಲಿ ಇದ್ದವು. ಅದರಲ್ಲಿ, ಊರಿನ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತ ಕನ್ನಡದಲ್ಲಿ ಬರೆದಿಡುತ್ತಿದ್ದೇನೆ. ತಪ್ಪು ಕಂಡರೆ ತಿದ್ದಿಕೊಂಡು ಓದಿ.

ಇದು ಶುರುವಾದದ್ದು ಕೈಯಿಂದ.

ಬೆಳಿಗ್ಗೆ ನಾನು ಪಕ್ಕದ ಮನೆಯ ಜಗಲಿಗೆ ಹೂ ಕಟ್ಟಲು ಹೋಗುವುದು ನಿಮಗೆ ಗೊತ್ತೇ ಇದೆ. ನಾವು ಐದು ಜನ ಹೆಂಗಸರು. ಬಿಸಿಲು ಏರುವ ಮೊದಲು ಕೊಯ್ದ ಮಲ್ಲಿಗೆ ಮೊಗ್ಗನ್ನು ಬಾಳೆನಾರಿನಲ್ಲಿ ಹತ್ತಿರ ಹತ್ತಿರ ಕೂಡಿಸಿ ಕಟ್ಟಿ ಚೆಂಡು ಮಾಡುತ್ತೇವೆ. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಹೂ ಒಯ್ಯುವ ಬೈಕಿನವನು ಬರುವಷ್ಟರಲ್ಲಿ ಎಲ್ಲ ಅಟ್ಟೆಗಳೂ ಬಾಳೆಲೆಯೊಳಗೆ ಸೇರಿರಬೇಕು. ನಿಮ್ಮ ಅಜ್ಜ ಹೋದ ಮೇಲೆ ನಾನು ಹೂ ಮುಡಿಯುವುದಿಲ್ಲ. ಕಟ್ಟುವುದಕ್ಕೆ ಯಾರೂ ಬೇಡ ಅನ್ನಲಿಲ್ಲ. ಆ ಜಗಲಿಯಲ್ಲಿ ನಾನು ಹೆಚ್ಚು ಮಾತಾಡುವವಳಲ್ಲ, ಕೈ ಮಾತ್ರ ಬೇಗ ಓಡುತ್ತಿತ್ತು. ನಾನು ಇಂಥವಳು ಎಂದು ನಾಲ್ಕು ಜನಕ್ಕೆ ಗೊತ್ತಿದ್ದರೆ ಅದು ಆ ಕೈಯಿಂದ.

ಆ ಮನೆಯ, ಮಲ್ಲಿಗೆ ತೋಟದ ಯಜಮಾನಿ ಹಿರಿಯರು, ನಾವೆಲ್ಲ ಅವರನ್ನು ಅಕ್ಕ ಎನ್ನುತ್ತೇವೆ. ಅವರಿಗೊಂದು ಅಭ್ಯಾಸ ಉಂಟು. ಕಟ್ಟಿದ ಪ್ರತಿಯೊಂದು ಚೆಂಡಿನ ತುದಿಯನ್ನು ಎರಡು ಬೆರಳಿನಲ್ಲಿ ಹಿಡಿದು ಒಮ್ಮೆ ಜಗ್ಗುತ್ತಾರೆ. ಗಂಟು ಸಡಿಲವಾಗಿದ್ದರೆ ಮೊಗ್ಗು ಕೆಳಗೆ ಉದುರುತ್ತದೆ. ಹೂ ಹೋಗುವುದು ದೇವಸ್ಥಾನಕ್ಕೆ, ದೈವದ ಗುಡಿಗೆ, ನಾಗನ ಬನಕ್ಕೆ. ಆದ್ದರಿಂದ ಅಕ್ಕ ಕಟ್ಟಿದವರ ಮುಖ ನೋಡುವುದಿಲ್ಲ, ಗಂಟು ನೋಡುತ್ತಾರೆ.

ಮೊದಲ ಸಲ ನನಗೆ ಗೊತ್ತಾದದ್ದು ಕಾರ್ಕಳದಲ್ಲಿ, ತಂಗಿಯ ಮಗಳ ಮದುವೆಯ ಹಿಂದಿನ ದಿನ. ಮದುಮಗಳ ಜಡೆಗೆಂದು ಮೊಗ್ಗು ಕಟ್ಟಲು ಕುಳಿತೆ. ಬೆರಳುಗಳು ನಾರನ್ನು ಬಿಗಿಯಲೇ ಇಲ್ಲ. ಬೇರೆ ಯಾರದೋ ಕೈಯನ್ನು ತಂದು ನನ್ನ ಮೈಗೆ ಜೋಡಿಸಿದ ಹಾಗಿತ್ತು. ಏಳೋಣವೆಂದರೆ ತೊಡೆಯಲ್ಲಿ ಶಕ್ತಿ ಇಲ್ಲ. ನೆಲಕ್ಕೆ ಕೈ ಊರಿ, ಕಂಬ ಹಿಡಿದು ಎದ್ದೆ. ಪ್ರಯಾಣದ ದಣಿವು ಎಂದು ತಂಗಿ ಮಜ್ಜಿಗೆ ಕೊಟ್ಟಳು, ನಾನೂ ಹಾಗೆಯೇ ಎಂದುಕೊಂಡೆ.

ಊರಿಗೆ ಬಂದ ಮೇಲೂ ಅದು ಹೋಗಲಿಲ್ಲ. ಒಂದು ದಿನ ಅಕ್ಕ ನನ್ನ ಚೆಂಡನ್ನು ಜಗ್ಗಿದಾಗ ಏಳೆಂಟು ಮೊಗ್ಗು ಅವರ ಮಡಿಲಿಗೆ ಬಿತ್ತು. ಅವರು ಅದನ್ನು ಬಿಚ್ಚಿ ತಾವೇ ಕಟ್ಟಿದರು. ಮರುದಿನವೂ ಹಾಗೆಯೇ ಆಯಿತು. ಮೂರನೆಯ ದಿನ ನನ್ನ ಮುಂದೆ ಹೂವಿನ ಬುಟ್ಟಿಯ ಬದಲು ಬಾಳೆನಾರಿನ ಕಟ್ಟು ಇತ್ತು. ನಾರು ಸೀಳಿ ಕೊಡುವುದು ಹೊಸದಾಗಿ ಕಲಿಯಲು ಬಂದ ಹುಡುಗಿಯರ ಕೆಲಸ. ನಾನು ತಲೆ ತಗ್ಗಿಸಿ ನಾರು ಸೀಳಿದೆ. ಕೈ ಮತ್ತೆ ಬರಬೇಕು ಎನ್ನುವುದು ಬಿಟ್ಟರೆ ಆ ದಿನಗಳಲ್ಲಿ ನನ್ನ ತಲೆಯಲ್ಲಿ ಬೇರೆ ಏನೂ ಇರಲಿಲ್ಲ.

ಪ್ರೆಶರ್ ನನಗೆ ಮೊದಲಿಂದಲೂ ಉಂಟು. ಕಾಪುವಿನಲ್ಲಿ ಹಳೆಯ ಡಾಕ್ಟರೊಬ್ಬರು ವರ್ಷಗಳಿಂದ ನೋಡುತ್ತಿದ್ದರು. ಒಂದು ಮಾತ್ರೆ ಎರಡಾಗಿ, ಎರಡು ಮೂರಾಗಿ, ಆದರೂ ಅದು ಇಳಿಯುತ್ತಿರಲಿಲ್ಲ. ನಿಮ್ಮ ಅಜ್ಜ ಹೋದದ್ದು ಪ್ರೆಶರ್ ಏರಿ ತಲೆಯ ನರ ಒಡೆದು. ಅದಕ್ಕೇ ನಿಮ್ಮ ಅಮ್ಮ ನನ್ನ ಗಂಜಿಗೆ ಉಪ್ಪು ಬೀಳದ ಹಾಗೆ ಕಾವಲು ಕಾಯುತ್ತಿದ್ದಳು. ಕೈಯ ಸಂಗತಿ ಹೇಳಿದಾಗ ಕಾಪುವಿನ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು. ಪೊಟಾಶಿಯಂ ಎಂಬ ಇನ್ನೊಂದು ಲವಣ ಬಹಳ ಇಳಿದಿತ್ತು. ಮಾಂಸಖಂಡಗಳಿಗೆ ಅದು ಬೇಕಂತೆ. ಅವರು ಕಾಗದವನ್ನು ಎರಡು ಸಲ ನೋಡಿ, "ಇದು ಬರೀ ಪ್ರೆಶರ್ ಅಲ್ಲ, ಹಿಂದಿನಿಂದ ಯಾರೋ ದೂಡ್ತಾ ಇದ್ದಾರೆ. ಮಣಿಪಾಲಕ್ಕೆ ಹೋಗಿ" ಎಂದು ಚೀಟಿ ಬರೆದುಕೊಟ್ಟರು.

ಮಣಿಪಾಲದಲ್ಲಿ ನೋಡಿದವರು ಹರೆಯದ ಡಾಕ್ಟರಮ್ಮ, ಘಟ್ಟದ ಮೇಲಿನವರು. ಅವರ ಕನ್ನಡ ಬೇರೆ, ನನ್ನ ಕನ್ನಡ ಬೇರೆ. ಮನೆಯಲ್ಲಿ ತುಳು ಮಾತಾಡುವ ನಾನು ಅವರ ಮುಂದೆ ಪುಸ್ತಕದ ವಾಕ್ಯ ಜೋಡಿಸಿಕೊಳ್ಳುವಷ್ಟರಲ್ಲಿ ಅವರ ಮುಂದಿನ ಪ್ರಶ್ನೆ ಬಂದಿರುತ್ತಿತ್ತು. ಕಾರಿನಲ್ಲಿ ಕರೆದುಕೊಂಡು ಹೋಗಿದ್ದ ನಿಮ್ಮ ಅಪ್ಪ ಪಕ್ಕದಲ್ಲಿ ಕುಳಿತು ನನ್ನ ಪರವಾಗಿ ಉತ್ತರ ಕೊಡುತ್ತಿದ್ದರು.

ಡಾಕ್ಟರಮ್ಮ ಒಂದು ಹಾಳೆಯ ಹಿಂಬದಿಯಲ್ಲಿ ಚಿತ್ರ ಬರೆದು ತೋರಿಸಿದರು. ಎರಡು ಕಿಡ್ನಿ, ಅವುಗಳ ತಲೆಯ ಮೇಲೆ ಟೋಪಿ ಇಟ್ಟ ಹಾಗೆ ಒಂದೊಂದು ಸಣ್ಣ ಗ್ರಂಥಿ. ಅಡ್ರಿನಲ್ ಎಂದು ಅದರ ಹೆಸರು. ಆ ಗ್ರಂಥಿಯ ಹೊರಪದರದಲ್ಲಿ ಲಕ್ಷಗಟ್ಟಲೆ ಜೀವಕೋಶಗಳು. ಒಂದೇ ಒಂದು ಜೀವಕೋಶವನ್ನು ದೊಡ್ಡದಾಗಿ ಬರೆದು, ಅದರ ಗೋಡೆಯಲ್ಲಿ ಅಲ್ಲಲ್ಲಿ ಬಾಗಿಲು ಮಾಡಿದರು. ಕ್ಯಾಲ್ಸಿಯಂ ಒಳಗೆ ಬರುವ ಬಾಗಿಲಂತೆ ಅವು. ಮೈಗೆ ಉಪ್ಪು ಸಾಲದೆ ಬಂದಾಗ ರಕ್ತದಲ್ಲಿ ಒಂದು ಸುದ್ದಿ ಹರಿದುಬರುತ್ತದೆ. ರಕ್ತದಲ್ಲಿ ಪೊಟಾಶಿಯಂ ಹೆಚ್ಚಾದರೂ ಹಾಗೆಯೇ. ಆಗ ಜೀವಕೋಶದ ಗೋಡೆಯಲ್ಲಿರುವ ಅತಿ ಸಣ್ಣ ವಿದ್ಯುತ್ತು ಬದಲಾಗಿ ಬಾಗಿಲು ತೆರೆಯುತ್ತದೆ, ಹೊರಗಿನ ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ. ಹಾರ್ಮೋನು ಮಾಡು ಎಂಬ ಅಪ್ಪಣೆ ಅದೇ. ಆ ಹಾರ್ಮೋನು ಕಿಡ್ನಿಗೆ ಹೋಗಿ, ಉಪ್ಪನ್ನು ಉಳಿಸಿಕೋ, ಪೊಟಾಶಿಯಂ ಬಿಟ್ಟುಬಿಡು ಎನ್ನುತ್ತದೆ. ಅಗತ್ಯ ಮುಗಿದ ಮೇಲೆ ಬಾಗಿಲು ಮುಚ್ಚಬೇಕು. ಕೆಲವರಲ್ಲಿ ಗ್ರಂಥಿಯೊಳಗೆ ಒಂದು ಗಂಟು ಬೆಳೆದು, ಯಾರೂ ಹೇಳದಿದ್ದರೂ ಹಾರ್ಮೋನು ಸುರಿಸುತ್ತಲೇ ಇರುತ್ತದೆ. ನನ್ನದೂ ಹಾಗೆಯೇ ಎಂದು ಅವರಿಗೆ ಅನುಮಾನ. ಹೌದಾದರೆ, ಅದು ಒಂದೇ ಬದಿಯಲ್ಲಿದ್ದರೆ, ಆ ಗ್ರಂಥಿಯನ್ನು ತೆಗೆದುಬಿಡಬಹುದು, ಕೈಕಾಲಿನ ಶಕ್ತಿ ಮರಳಿ ಬರುತ್ತದೆ ಎಂದರು. ಕೊನೆಯ ಮಾತು ಮಾತ್ರ ನನ್ನ ಕಿವಿಯಲ್ಲಿ ಗಟ್ಟಿಯಾಗಿ ಕುಳಿತಿತು.

ಉಳಿದದ್ದು ಅರ್ಥವಾದದ್ದು ಹಿಂದೆ ಬರುವಾಗ, ಉದ್ಯಾವರದ ಸೇತುವೆಯ ಮೇಲೆ. ನನ್ನ ತವರು ಆ ಹೊಳೆಯ ಬದಿಯಲ್ಲಿ. ಗದ್ದೆಗೆ ನೀರು ಹರಿಯುವ ತೋಡಿಗೆ ಅಡ್ಡಲಾಗಿ ಒಂದು ಕಿಂಡಿ ಅಣೆಕಟ್ಟು ಇತ್ತು. ಮಳೆಗಾಲ ಮುಗಿದ ಮೇಲೆ ನನ್ನ ಸೋದರಮಾವ ಅದರ ಕಿಂಡಿಗಳಿಗೆ ಎರಡು ಸಾಲು ಹಲಗೆ ಇಳಿಸಿ ನಡುವೆ ಜೇಡಿಮಣ್ಣು ಮೆಟ್ಟುತ್ತಿದ್ದರು. ಇಲ್ಲದಿದ್ದರೆ ಭರತದ ಹೊತ್ತಿಗೆ ಸಮುದ್ರದ ಉಪ್ಪುನೀರು ಮೇಲೆ ಏರಿಬರುತ್ತದೆ. ಒಂದು ವರ್ಷ ಒಂದು ಹಲಗೆ ಸೊಟ್ಟಗಾಗಿ ಕೈ ಹೋಗುವಷ್ಟು ಸಂದು ಉಳಿದಿತ್ತು. ಯಾರಿಗೂ ಕಾಣಲಿಲ್ಲ. ಸುಗ್ಗಿಯ ಪೈರು ಹಳದಿಯಾದ ಮೇಲೆ ಹುಡುಕಿದರು. ನೀರು ಹಗಲಿರುಳೂ ಸ್ವಲ್ಪ ಸ್ವಲ್ಪವೇ ಬರುತ್ತಿತ್ತು. ಮಾವ ಆ ಹಲಗೆಯನ್ನು ಮೇಲೆತ್ತಿ ಬಿಸಿಲಿಗೆ ಹಿಡಿದು ನೋಡುತ್ತಿದ್ದದ್ದು ನನಗೆ ನೆನಪುಂಟು. ಡಾಕ್ಟರಮ್ಮ ಬರೆದ ಬಾಗಿಲುಗಳು ನನಗೆ ಆ ಕಿಂಡಿಗಳಾಗಿ ಕಂಡವು.

ಅಷ್ಟು ಅರ್ಥವಾದರೂ ಒಂದು ಪೆದ್ದು ಕೆಲಸ ಮಾಡಿದೆ. ಕ್ಯಾಲ್ಸಿಯಂ ಒಳಗೆ ನುಗ್ಗುವುದೇ ಕೇಡು ಎಂದಾದರೆ, ಮೂಳೆಗೆಂದು ನಾನು ನುಂಗುತ್ತಿದ್ದ ಕ್ಯಾಲ್ಸಿಯಂ ಮಾತ್ರೆ ಬೇಡವೆಂದು ಯಾರಿಗೂ ಹೇಳದೆ ನಿಲ್ಲಿಸಿದೆ. ಚಹಾಕ್ಕೆ ಹಾಲನ್ನೂ ಬಿಟ್ಟೆ. ನಿಮ್ಮ ಅಮ್ಮ ಕೇಳಿದಾಗ ಕರಿಚಹಾ ರುಚಿಯಾಗುತ್ತದೆ ಎಂದೆ.

ಪರೀಕ್ಷೆಗೆ ಮೊದಲು ಪ್ರೆಶರಿನ ಕೆಲವು ಮಾತ್ರೆಗಳನ್ನು ಬದಲಿಸಿದರು. ಪೊಟಾಶಿಯಂ ಸರಿಗೆ ಬರಲಿ ಎಂದು ಒಂದು ಔಷಧ ಕುಡಿಸಿದರು. ಅದರ ರುಚಿ ನೆನೆದರೆ ಈಗಲೂ ನಾಲಗೆ ಮಡಚುತ್ತದೆ. ಆಮೇಲೆ ಡಾಕ್ಟರಮ್ಮ ಹೇಳಿದ ಮಾತು ನಿಮ್ಮ ಅಮ್ಮನನ್ನು ದಂಗುಬಡಿಸಿತು. ಮೂರು ದಿನ ಚೆನ್ನಾಗಿ ಉಪ್ಪು ತಿನ್ನಬೇಕು, ದಿನಾ ಪ್ರೆಶರ್ ನೋಡಿಸಿಕೊಳ್ಳಬೇಕು, ಮೂರನೆಯ ದಿನ ಬೆಳಿಗ್ಗೆಯಿಂದ ಮರುದಿನ ಬೆಳಿಗ್ಗೆಯವರೆಗೆ ಹೋದ ಮೂತ್ರವನ್ನೆಲ್ಲ ಒಂದು ಕ್ಯಾನಿನಲ್ಲಿ ತುಂಬಿ ತರಬೇಕು. ಅಷ್ಟು ಉಪ್ಪು ತಿಂದರೆ ಸರಿಯಾದ ಗ್ರಂಥಿ ಹಾರ್ಮೋನನ್ನು ನಿಲ್ಲಿಸುತ್ತದೆ, ಕೆಟ್ಟ ಗಂಟು ನಿಲ್ಲಿಸುವುದಿಲ್ಲ. ನಿಂತಿತೋ ಇಲ್ಲವೋ ಎಂದು ಮೂತ್ರದಲ್ಲಿ ಗೊತ್ತಾಗುತ್ತದೆ.

"ಅಮ್ಮ, ನೀನು ಸರಿ ಕೇಳಿದ್ದೀಯಾ? ಉಪ್ಪು ತಿನ್ನಬಾರದು ಅಂತ ಹೇಳಿರಬೇಕು" ಎಂದು ನಿಮ್ಮ ಅಮ್ಮ ನನ್ನನ್ನೇ ಅನುಮಾನಿಸಿದಳು. ಆಸ್ಪತ್ರೆಗೆ ಫೋನು ಮಾಡಿ ಕೇಳಿದ ಮೇಲೆಯೇ ಉಪ್ಪಿನ ಭರಣಿ ನನ್ನ ಹತ್ತಿರ ಬಂದದ್ದು. ಮೂರು ದಿನ ನಾನು ಉಪ್ಪಿನಲ್ಲಿಟ್ಟ ಮಾವಿನಕಾಯಿ ಹಿಂಡಿಕೊಂಡು ಗಂಜಿ ಉಂಡೆ. ಮನೆಯಲ್ಲಿ ಎಲ್ಲರೂ ನನ್ನ ಬಟ್ಟಲನ್ನೇ ನೋಡುತ್ತಿದ್ದರು. ನನಗೆ ಮಾತ್ರ ಹಬ್ಬ. ನೀವು ಯಾರೂ ಡಾಕ್ಟರು ಹೇಳದೆ ಹೀಗೆ ಮಾಡಬೇಡಿ.

ಮೂರನೆಯ ದಿನ ನಾನು ಮನೆಯಲ್ಲಿ ಕೂರಬೇಕಿತ್ತು. ಆದರೆ ಮರುದಿನ ನಾಗರಪಂಚಮಿ. ನಮ್ಮ ಶಂಕರಪುರದಲ್ಲಿ ಅದರ ಹಿಂದಿನ ದಿನ ಕೈ ಇದ್ದವರು ಯಾರೂ ಮನೆಯಲ್ಲಿ ಕೂರುವುದಿಲ್ಲ. ಔಷಧದಿಂದ ಬೆರಳಿಗೆ ಸ್ವಲ್ಪ ಚೈತನ್ಯವೂ ಬಂದಿತ್ತು. ಅಕ್ಕ ಹೇಳಿಕಳಿಸಿದ್ದರು, ನಾರು ಸೀಳಲಾದರೂ ಬಾ ಎಂದು. ಹೋದೆ. ಬೆಳಿಗ್ಗೆಯಿಂದ ಮಧ್ಯಾಹ್ನ ದಾಟುವವರೆಗೆ ಜಗಲಿಯಲ್ಲಿದ್ದೆ. ಕ್ಯಾನು ಮನೆಯ ಬಚ್ಚಲಲ್ಲಿತ್ತು.

ಅದನ್ನು ಅಲ್ಲಿಗೆ ಒಯ್ಯುವುದು ಹೇಗೆ? ಸ್ನಾನ ಮಾಡದೆ ಮುಟ್ಟದ ಹೂವು, ನಾಗನಿಗೆ ಹೋಗುವ ಹೂವು. ಅದರ ಬದಿಯಲ್ಲಿ ನಾನು ಮೂತ್ರದ ಕ್ಯಾನು ಇಟ್ಟುಕೊಂಡು ಕೂರುವುದೇ? ಮನೆಗೆ ಓಡಿಬಂದು ಕ್ಯಾನು ಮುಟ್ಟಿ, ಅದೇ ಕೈಯಲ್ಲಿ ಮತ್ತೆ ನಾರು ಮುಟ್ಟುವುದೂ ನನಗೆ ಸರಿ ಕಾಣಲಿಲ್ಲ. ಉಪ್ಪು ತಿಂದದ್ದಕ್ಕೆ ನೀರೂ ಬಹಳ ಕುಡಿದಿದ್ದೆ. ಮೂರು ಸಲ ಅಕ್ಕನ ಮನೆಯ ಹಿಂದಿನ ಬಚ್ಚಲಿಗೆ ಹೋಗಿ, ಕೈಕಾಲು ತೊಳೆದು ಬಂದು ಕುಳಿತೆ. ಇಡೀ ದಿನದ್ದರಲ್ಲಿ ಮೂರು ಸಲದ್ದು ತಪ್ಪಿದರೆ ಏನಾಗುತ್ತದೆ, ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಸಾಲುತ್ತದಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಮರುದಿನ ಕ್ಯಾನು ಅರ್ಧವಷ್ಟೇ ತುಂಬಿತ್ತು. ಹಳೆಯ ಸೀರೆಯಲ್ಲಿ ಸುತ್ತಿ, ಚೀಲದಲ್ಲಿಟ್ಟು, ನಿಮ್ಮ ಅಪ್ಪನಿಗೆ ಕಾಣದ ಹಾಗೆ ಕಾರಿನ ಹಿಂದಿನ ಸೀಟಿನ ಕೆಳಗೆ ಇಟ್ಟೆ.

ಫಲಿತಾಂಶ ಬಂದ ದಿನ ಡಾಕ್ಟರಮ್ಮ ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದರು. ಹಾರ್ಮೋನು ಅವರು ಎಣಿಸಿದಷ್ಟು ಇರಲಿಲ್ಲ. "ಅಮ್ಮ, ಇಪ್ಪತ್ನಾಲ್ಕು ಗಂಟೆದೂ ಪೂರ್ತಿ ಹಾಕಿದ್ರಿ ತಾನೆ?" ಎಂದು ಕೇಳಿದರು. ನಿಮ್ಮ ಅಪ್ಪ ನನ್ನತ್ತ ತಿರುಗಿದರು. ಅಳಿಯನ ಎದುರು ಅತ್ತೆ ಅಂಥ ಮಾತು ಆಡುವುದುಂಟೇ? ನಾನು ನೆಲ ನೋಡುತ್ತಾ ಹೌದೆಂದು ತಲೆ ಆಡಿಸಿದೆ. ಹಾಗಾದರೆ ಗ್ರಂಥಿಯ ತೊಂದರೆ ಇರಲಿಕ್ಕಿಲ್ಲ, ಮಾತ್ರೆಯಲ್ಲೇ ಮುಂದುವರಿಯೋಣ, ಆರು ತಿಂಗಳು ಬಿಟ್ಟು ನೋಡೋಣ ಎಂದರು. ಒಂದು ಸಲ ತಲೆ ಆಡಿಸಿದ್ದಕ್ಕೆ ನನ್ನ ಕೈ ಆರು ತಿಂಗಳು ದೂರ ಹೋಯಿತು.

ಹತ್ತು ಹದಿನೈದು ದಿನ ಹಾಗೇ ಕಳೆಯಿತು. ನಾರು ಸೀಳುವಾಗ ಎದುರಿಗೆ ಬೇರೆಯವರ ಬೆರಳು ಓಡುವುದು ಕಾಣುತ್ತಿತ್ತು. ಒಂದು ಬೆಳಿಗ್ಗೆ ಸೀಳಿದ ನಾರನ್ನು ಜೋಡಿಸಿಟ್ಟು ಎದ್ದುಬಂದೆ. ನಿಮ್ಮ ಅಮ್ಮನಿಗೆ ಉಡುಪಿಗೆ ಹೋಗಿಬರುತ್ತೇನೆ ಎಂದಷ್ಟೇ ಹೇಳಿದೆ. ಉಡುಪಿಗೆ ಹೋದದ್ದು ನಿಜವೇ. ಅಲ್ಲಿ ಬಸ್ಸು ಬದಲಿಸಿ ಮಣಿಪಾಲಕ್ಕೂ ಹೋದೆ. ಅದಕ್ಕೆ ಮೊದಲು ನಾನು ಒಬ್ಬಳೇ ಮಣಿಪಾಲದ ಗುಡ್ಡ ಹತ್ತಿದವಳಲ್ಲ. ಬಸ್ಸಿನಲ್ಲಿ ಇಡೀ ದಾರಿ ಹೇಳಬೇಕಾದ ವಾಕ್ಯವನ್ನು ಕನ್ನಡದಲ್ಲಿ ಜೋಡಿಸಿ ಬಾಯಿಪಾಠ ಮಾಡಿದೆ. ಆಸ್ಪತ್ರೆಯಲ್ಲಿ ಚೀಟಿ ಕೊಡುವ ಹುಡುಗಿ ಎಂತ ತೊಂದರೆ ಎಂದು ಕೇಳಿದಾಗ, ತೊಂದರೆ ಇಲ್ಲ, ಒಂದು ಮಾತು ಹೇಳ್ಲಿಕ್ಕೆ ಉಂಟು ಎಂದೆ.

ನನ್ನ ಸರದಿ ಬಂದಾಗ ಬಾಯಿಪಾಠ ಮಾಡಿದ ವಾಕ್ಯ ಮರೆತುಹೋಗಿತ್ತು.

"ಡಾಕ್ಟ್ರೇ, ಆ ಕ್ಯಾನಿಗೆ ನಾನು ಎಲ್ಲ ಹಾಕಲಿಲ್ಲ" ಎಂದುಬಿಟ್ಟೆ.

ಅವರು ಪೆನ್ನು ಕೆಳಗಿಟ್ಟರು. "ಎಷ್ಟು ಸಲ ಬಿಟ್ರಿ?"

"ಮೂರು ಸಲ. ಹೂ ಕಟ್ಟುವಲ್ಲಿ ಇದ್ದೆ. ದೇವರಿಗೆ ಹೋಗುವ ಹೂ."

"ಅವತ್ತು ಕೇಳಿದಾಗ ಹೇಳಬಹುದಿತ್ತಲ್ಲಮ್ಮ."

"ಅಳಿಯ ಇದ್ರು."

ಅವರು ನಗಲಿಲ್ಲ, ನಗು ಬಂದದ್ದು ಮಾತ್ರ ಕಣ್ಣಿನಲ್ಲಿ ಕಂಡಿತು. ಮೂತ್ರದ ಲೆಕ್ಕ ಕಡಿಮೆ ಇದೆ ಎಂದು ಅವರಿಗೂ ಕಂಡಿತ್ತಂತೆ. ನಾನು ಸಣ್ಣ ಮೈಯವಳು, ಅದಕ್ಕೇ ಇಷ್ಟು ಇರಬಹುದು ಎಂದುಕೊಂಡರಂತೆ. ಅಳಿಯನನ್ನು ಹೊರಗೆ ಕೂರಿಸಿ ಕೇಳಬೇಕಿತ್ತು, ತಪ್ಪು ನನ್ನದೂ ಇದೆ ಎಂದರು. ಅಷ್ಟು ಧೈರ್ಯ ಬಂದ ಮೇಲೆ ಕ್ಯಾಲ್ಸಿಯಂ ಮಾತ್ರೆ ನಿಲ್ಲಿಸಿದ್ದನ್ನೂ ಹೇಳಿದೆ. ಆಗ ನಕ್ಕರು.

"ಬಾಗಿಲು ಕೆಟ್ಟಿದ್ದರೆ ಹೊರಗೆ ಇರೋರನ್ನ ಯಾಕೆ ಬೈತೀರಿ? ಮಾತ್ರೆ ತಗೊಳ್ಳಿ, ಹಾಲೂ ಕುಡೀರಿ" ಎಂದರು. ಮೂಳೆ, ಹೃದಯ, ಬೆರಳು, ಎಲ್ಲಕ್ಕೂ ಕ್ಯಾಲ್ಸಿಯಂ ಬೇಕು ಎಂದು ಬಿಡಿಸಿ ಹೇಳಿದರು. ನಾನು ವರ್ಷಗಳಿಂದ ನುಂಗುತ್ತಿದ್ದ ಪ್ರೆಶರಿನ ಮಾತ್ರೆಗಳಲ್ಲಿ ಒಂದು ಅಂಥದೇ ಬಾಗಿಲು ಮುಚ್ಚುವ ಮಾತ್ರೆಯಂತೆ. ಆದರೆ ಅದು ಹೆಚ್ಚಾಗಿ ಮುಚ್ಚುವುದು ರಕ್ತನಾಳಗಳ ಬಾಗಿಲನ್ನು. ಗ್ರಂಥಿಯ ಗಂಟಿಗೆ ಅಷ್ಟು ಸಾಲುವುದಿಲ್ಲ.

ಪರೀಕ್ಷೆ ಮತ್ತೆ ಮಾಡಬೇಕಾಯಿತು. ಈ ಸಲ ನಾನು ಮೊದಲು ಜಗಲಿಗೆ ಹೋಗಿ, ಎಲ್ಲರ ಎದುರು, ನಾಡಿದ್ದು ಬರುವುದಿಲ್ಲ, ಇಂಥ ಕೆಲಸ ಉಂಟು ಎಂದು ಹೇಳಿದೆ. ಒಂದು ಕ್ಷಣ ಎಲ್ಲ ಕೈಗಳೂ ನಿಂತವು.

"ಆಸ್ಪತ್ರೆಯವರಿಗೆ ಅದೂ ಬೇಕಾ? ತಕೊಂಡು ಎಂತ ಮಾಡ್ತಾರೆ ಮಾರಾಯ್ತಿ?" ಎಂದಳು ಒಬ್ಬಳು.

"ಅವರ ಮಲ್ಲಿಗೆ ಗಿಡಕ್ಕೆ ಹಾಕ್ತಾರೆ. ದನದ ಗಂಜಳ ಸಿಗುದಿಲ್ಲ ಅಲ್ವಾ ಮಣಿಪಾಲದಲ್ಲಿ" ಎಂದಳು ಇನ್ನೊಬ್ಬಳು.

ಜಗಲಿ ಇಡೀ ನಕ್ಕಿತು. ನನಗೂ ನಗು ಬಂತು. ಅಕ್ಕ ಮಾತ್ರ ಕೈಯಲ್ಲಿದ್ದ ಚೆಂಡನ್ನು ಜಗ್ಗಿ ನೋಡುತ್ತಾ, "ನೀನು ಒಂದು ದಿನ ಬರದಿದ್ರೆ ನಾಗನಿಗೆ ಹೂ ಇಲ್ಲ ಅಂತ ಆಗುದಿಲ್ಲ. ಆವತ್ತೇ ಹೇಳಿದ್ರೆ ಆಗ್ತಿತ್ತು, ಮನೆಯಲ್ಲಿ ಕೂರು ಅಂತಿದ್ದೆ" ಎಂದರು. ಇಷ್ಟು ಸುಲಭದ ಮಾತಿಗೆ ನಾನು ಎಷ್ಟು ದಿನ ಕಳೆದೆ ಎಂದು ಆಗ ಅನಿಸಿತು.

ಈ ಸಲ ಕ್ಯಾನು ಕತ್ತಿನವರೆಗೆ ತುಂಬಿತು, ಫಲಿತಾಂಶವೂ ಖಚಿತವಾಗಿ ಬಂತು. ಅಷ್ಟು ಉಪ್ಪು ತಿಂದರೂ ಹಾರ್ಮೋನು ನಿಂತಿರಲಿಲ್ಲ. ಸ್ಕ್ಯಾನಿನಲ್ಲಿ ಎಡಗ್ರಂಥಿಯೊಳಗೆ ಕಡಲೆಕಾಳಿನಷ್ಟು ಒಂದು ಗಂಟು ಕಂಡಿತು. ಗಂಟು ಕಂಡರೆ ಸಾಲದು, ಸುರಿಸುತ್ತಿರುವುದು ಅದೇ ಎಂದು ಗೊತ್ತಾಗಬೇಕೆಂದು, ತೊಡೆಯ ನರದಿಂದ ಸಣ್ಣ ಕೊಳವೆ ಏರಿಸಿ ಎರಡೂ ಬದಿಯ ಗ್ರಂಥಿಗಳ ರಕ್ತ ತೆಗೆದರು. ಹಾರ್ಮೋನು ಬರುತ್ತಿದ್ದದ್ದು ಎಡಬದಿಯಿಂದ. ಆಪರೇಶನ್ ಆಯಿತು. ನೀವು ನೋಡಿದ ಆ ಮೂರು ಗುರುತು ಅದರದ್ದೇ.

ತೆಗೆದ ಗಂಟನ್ನು ಆಸ್ಪತ್ರೆಯವರು ಇನ್ನೂ ಆಳವಾದ ಪರೀಕ್ಷೆಗೆ ಕಳಿಸಿದ್ದರು. ಬಹಳ ದಿನದ ಮೇಲೆ ಡಾಕ್ಟರಮ್ಮ ಹೇಳಿದರು, ನಿಮ್ಮ ಗಂಟಿನಲ್ಲಿ ಕೆಟ್ಟದ್ದು ಕ್ಯಾಲ್ಸಿಯಂ ಬಾಗಿಲೇ ಎಂದು. ಎಲ್ಲರದೂ ಹಾಗಲ್ಲವಂತೆ, ಕೆಲವರಲ್ಲಿ ಪೊಟಾಶಿಯಂ ಬಾಗಿಲು ಕೆಡುತ್ತದೆ. ನನ್ನದರಲ್ಲಿ ಆ ಬಾಗಿಲನ್ನು ಮಾಡುವ ಜೀನಿನಲ್ಲಿ ಒಂದು ಅಕ್ಷರ ತಪ್ಪಿದಷ್ಟು ಬದಲಾವಣೆ. ಅದರಿಂದ ತೆರೆಯಬಾರದ ಹೊತ್ತಿನಲ್ಲೂ ಬಾಗಿಲು ತೆರೆದು, ಕ್ಯಾಲ್ಸಿಯಂ ಬರುತ್ತಲೇ ಇತ್ತು. ಮಾವ ಬಿಸಿಲಿಗೆ ಹಿಡಿದ ಆ ಸೊಟ್ಟ ಹಲಗೆ ನನ್ನ ಕಣ್ಣೆದುರು ಬಂತು. ಇದು ನನ್ನ ಮಗಳಿಗೆ, ಮೊಮ್ಮಕ್ಕಳಿಗೆ ಬರುತ್ತದೆಯೇ ಎಂದು ಕೇಳಿದೆ. ಆ ಆಸ್ಪತ್ರೆಯಲ್ಲಿ ನಾನಾಗಿ ಕೇಳಿದ ಮೊದಲ ಪ್ರಶ್ನೆ ಅದು. ಇಲ್ಲ, ನಿಮ್ಮ ರಕ್ತದಲ್ಲಿ ಆ ಬದಲಾವಣೆ ಇಲ್ಲ, ಗಂಟಿನಲ್ಲಿ ಮಾತ್ರ ಇತ್ತು, ಅದನ್ನು ತೆಗೆದಾಯಿತು ಎಂದರು. ನೀವು ಇದನ್ನು ತಿಳಿದಿರಬೇಕು. ಹಾಗೆಂದು ಪ್ರೆಶರ್ ಬರುವುದೇ ಇಲ್ಲವೆಂದಲ್ಲ, ನಿಮ್ಮ ಅಜ್ಜನ ಕಡೆಯದ್ದು ಉಂಟಲ್ಲ. ವರ್ಷಕ್ಕೊಮ್ಮೆ ನೋಡಿಸಿಕೊಳ್ಳಿ.

ನನಗೂ ಪ್ರೆಶರ್ ಪೂರ್ತಿ ಹೋಗಲಿಲ್ಲ. ಮೂರು ಮಾತ್ರೆಯ ಜಾಗದಲ್ಲಿ ಒಂದು ಉಳಿಯಿತು. ಗಂಜಿಗೆ ನಿಮ್ಮ ಅಮ್ಮ ಈಗಲೂ ಎಣಿಸಿದ ಹಾಗೆ ಉಪ್ಪು ಹಾಕುತ್ತಾಳೆ. ಇದನ್ನು ನಿಮ್ಮ ಅಪ್ಪ ಓದಬಾರದೆಂದೇನೂ ಇಲ್ಲ. ಓದಿದರೂ ಓದಿದೆನೆಂದು ನನ್ನ ಹತ್ತಿರ ಹೇಳದಿದ್ದರೆ ಸಾಕು.

ಆಪರೇಶನ್ ಆದ ಮೇಲೆ ಜಗಲಿಗೆ ಹೋದ ದಿನ ನನ್ನ ಮುಂದೆ ನಾರಿನ ಕಟ್ಟೇ ಇತ್ತು. ನಾನು ಅದನ್ನು ಬದಿಗೆ ಸರಿಸಿ, ಬುಟ್ಟಿಯಿಂದ ಒಂದು ಬೊಗಸೆ ಮೊಗ್ಗು ತೆಗೆದುಕೊಂಡೆ. ಉಳಿದವರು ಎರಡು ಚೆಂಡು ಕಟ್ಟುವಷ್ಟರಲ್ಲಿ ನನ್ನದು ಒಂದು ಆಯಿತು. ಮೊದಲಿನ ಓಟ ಇರಲಿಲ್ಲ. ಅಕ್ಕ ಅದನ್ನು ತೆಗೆದುಕೊಂಡು, ಎರಡು ಬೆರಳಿನಲ್ಲಿ ತುದಿ ಹಿಡಿದು ಜಗ್ಗಿದರು. ಮತ್ತೊಮ್ಮೆ, ಸ್ವಲ್ಪ ಜೋರಾಗಿಯೇ ಜಗ್ಗಿದರು. ಮಡಿಲು ನೋಡಿಕೊಂಡರು, ಒಂದು ಮೊಗ್ಗೂ ಬಿದ್ದಿರಲಿಲ್ಲ. ಆಮೇಲೆ ಮೂರು ಚೆಂಡು ಆಗಿ ಒಂದಕ್ಕೆ ಕಾಯುತ್ತಿದ್ದ ಅಟ್ಟೆಗೆ ಅದನ್ನು ಸೇರಿಸಿ, ಬಾಳೆಲೆ ಮಡಚಿ ಕಟ್ಟಿದರು. ಹೊರಗೆ ಬೈಕಿನ ಹಾರ್ನು ಕೇಳಿಸಿತು.